ಅರ್ಧ ಉಸಿರು ಹಿಂದೆ

ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ಹಾಡುವವರಿಗಿಂತ ಅರ್ಧ ಉಸಿರು ಹಿಂದಿರಬೇಕು. ಮುಂದೆ ಹೋದರೆ ಅಧಿಕಪ್ರಸಂಗ. ಪೂರಾ ಒಂದು ಉಸಿರು ಹಿಂದೆ ಬಿದ್ದರೆ ಹಾಡಿಗೆ ಭಾರ. ಗಡಹಿಂಗ್ಲಜದ ಸುತ್ತಿನ ಊರುಗಳಲ್ಲಿ ಅಮಾವಾಸ್ಯೆ, ಶ್ರಾವಣ ಸೋಮವಾರ, ಜಾತ್ರೆ, ಗೃಹಪ್ರವೇಶ ಅಂತ ನಾನು ಕೂತು ಕಳೆದ ರಾತ್ರಿಗಳೆಲ್ಲ ಈ ಅರ್ಧ ಉಸಿರಿನ ಸಂದಿಯಲ್ಲೇ ಕಳೆದವು. ಬೆನ್ನು ನೋಯುತ್ತದೆ, ನಿದ್ದೆ ಕೆಡುತ್ತದೆ, ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ. ಆದರೂ ಮತ್ತೊಂದು ಫೋನ್ ಬಂದರೆ ಸಾಕು, ಪೇಟಿಯ ಮೇಲಿನ ಧೂಳು ಒರೆಸುತ್ತ ಕೂರುತ್ತೇನೆ.

ನಮ್ಮ ಭಜನೆಯ ಮ್ಯಾಳಕ್ಕೆ ಹೆಸರಿಲ್ಲ. ಬೋರ್ಡಿಲ್ಲ, ಒಂದೇ ಬಣ್ಣದ ಅಂಗಿಯೂ ಇಲ್ಲ. ಮುಂದೆ ಹಾಡುವ ಕಾಕಾ ಕಬ್ಬು ಬೆಳೆಯುವವರು. ತಬಲಾದ ಮಾಮಾನದು ಕಿರಾಣಿ ಅಂಗಡಿ. ದಮ್ಮಡಿಯವರು ಎಸ್.ಟಿ. ಬಸ್ಸಿನ ಕಂಡಕ್ಟರು, ಅವರ ಡ್ಯೂಟಿ ನೋಡಿಯೇ ನಾವು ತಾರೀಖು ಕೊಡುವುದು. ತಾಳದ ಹುಡುಗ ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಾನೆ. ನಾನು ಹಗಲು ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವವನು. ಕರೆದವರು ಎಷ್ಟು ಕೊಡುತ್ತಾರೆಂದು ಕೇಳುವ ಪದ್ಧತಿ ಇಲ್ಲ; ಟೆಂಪೋ ಬಾಡಿಗೆ, ಒಂದೊಂದು ತೆಂಗಿನಕಾಯಿ, ರೊಟ್ಟಿ-ಜುಣಕದ ಊಟ, ನಡುರಾತ್ರಿ ಚಾ. ದೊಡ್ಡ ಮನೆತನದವರಾದರೆ ಹೆಗಲಿಗೊಂದು ಟಾವೆಲ್. ನನ್ನ ಮನೆಯ ಕಪಾಟಿನಲ್ಲಿ ಸದ್ಯ ಇರುವ ಟಾವೆಲ್ಲುಗಳು ಮಕ್ಕಳ ಮದುವೆಯವರೆಗೂ ಸಾಕಾಗುತ್ತವೆ.

ಗಡಹಿಂಗ್ಲಜ ಮಹಾರಾಷ್ಟ್ರದ ತಾಲೂಕು. ಆದರೆ ಹಿರಣ್ಯಕೇಶಿ ನದಿ ನಮ್ಮೂರ ಮಗ್ಗುಲಲ್ಲಿ ಹರಿದು ಸಂಕೇಶ್ವರದ ಕಡೆಗೆ ಹೋಗುವಂತೆ ಮಾತೂ ಆಚೀಚೆ ಹರಿಯುತ್ತದೆ. ಒಂದೇ ಓಣಿಯಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ. ಹೀಗಾಗಿ ನಮ್ಮ ರಾತ್ರಿಯ ಪಟ್ಟಿಯೂ ಹಾಗೇ: ಮೊದಲು ಗಣಪತಿಯ ಸ್ತುತಿ, ಆಮೇಲೆ ಗುರುವಿನ ಪದ, ನಿಜಗುಣರದ್ದೊಂದು, ಶರೀಫರದ್ದೊಂದು, ಕಡಕೋಳ ಮಡಿವಾಳಪ್ಪನದ್ದೊಂದು. ಅಷ್ಟರಲ್ಲಿ ಯಾರಾದರೂ ಅಜ್ಜ ಎದ್ದು ತುಕಾರಾಮರ ಅಭಂಗ ಆಗಲಿ ಅನ್ನುತ್ತಾನೆ. ಕಾಕಾ ಉಸಿರು ಬದಲಿಸದೆ ಮರಾಠಿಗೆ ಹೊರಳುತ್ತಾರೆ. ನನ್ನ ಬೆರಳಿಗೆ ಆ ಗಡಿ ಗೊತ್ತೇ ಆಗುವುದಿಲ್ಲ.

ಹಾಡು ಎತ್ತುವ ಮುಂಚೆ ಕಾಕಾ ಕೇಳುವುದು ಒಂದೇ ಮಾತು: “ಮಾಸ್ತರ, ಕಾಳಿ ಒಂದು ಹಚ್ರಿ.” ಕರಿಮನೆಗಳಲ್ಲಿ ಮೊದಲನೆಯದು ಅಂದರೆ ಕಾಳಿ ಒಂದು. ಗಂಟಲು ಬಿಚ್ಚಿಕೊಂಡಂತೆ ಹತ್ತು-ಹನ್ನೊಂದಕ್ಕೆ ಅದು ಕಾಳಿ ಎರಡಾಗುತ್ತದೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾತ್ರ ಈ ಲೆಕ್ಕ ನಡೆಯದು. ಸಂಕೇಶ್ವರಿ ಮೆಣಸಿನಕಾಯಿ ಅಂಗಳದ ತುಂಬ ಹರವಿರುವ ಮನೆಯ ಕಟ್ಟೆಯ ಮೇಲೆ ಕೂತರೆ ಮೊದಲ ಚರಣಕ್ಕೇ ಹಿಮ್ಮೇಳವೆಲ್ಲ ಕೆಮ್ಮುತ್ತದೆ. ಆಗ ಪೇಟಿಯೊಂದೇ ಕೆಮ್ಮದೆ ಮುಂದುವರಿಯಬೇಕು. ಎಡಗೈ ಭಾತಾ ಒತ್ತುತ್ತಿರುತ್ತದೆ, ಬಲಗೈ ಮನೆಗಳ ಮೇಲೆ ಓಡುತ್ತಿರುತ್ತದೆ. ಕಣ್ಣೀರು ಒರೆಸಲು ಮೂರನೆಯ ಕೈಯಿಲ್ಲ. ಸೊಳ್ಳೆಗಳಿಗೆ ಈ ಸಂಗತಿ ಚೆನ್ನಾಗಿ ಗೊತ್ತಿದೆ.

ಭಾತಾ ಒತ್ತುವುದು ನೋಡಲು ಸುಲಭ. ಹೊಸಬರು ಅದನ್ನು ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಹೊಡೆಯುತ್ತಾರೆ, ಸೂರ ಒಮ್ಮೆ ಉಬ್ಬಿ ಒಮ್ಮೆ ಕುಗ್ಗುತ್ತದೆ. ಒಳಗಿನ ಗಾಳಿ ಒಂದೇ ಸಮ ಇರಬೇಕು, ಆದರೆ ಹಾಡಿನ ಅರ್ಥ ಭಾರವಾದ ಕಡೆ ಅಂಗೈ ತಾನಾಗಿ ಸ್ವಲ್ಪ ಒತ್ತಬೇಕು. ಮಳೆಗಾಲದಲ್ಲಂತೂ ಪೇಟಿ ಹಟಕ್ಕೆ ಬೀಳುತ್ತದೆ. ಕಟ್ಟಿಗೆ ಉಬ್ಬಿ ಒತ್ತಿದ ಮನೆ ಮೇಲೇಳುವುದಿಲ್ಲ, ಒಂದೇ ಸೂರ ಕೂಗುತ್ತಲೇ ಇರುತ್ತದೆ. ಆಗ ಮುಚ್ಚಳ ತೆಗೆದು ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಸಾಲಾಗಿ ಕೂತ ಹಿತ್ತಾಳೆಯ ಸೂರಗಳು. ಒಳ್ಳೆಯವು ಗುಜರಾತಿನ ಪಾಲಿತಾಣಾದಿಂದ ಬಂದವು. ಒಂದೊಂದರ ಮೇಲೂ ತೆಳ್ಳನೆಯ ನಾಲಿಗೆ. ನಾಲಿಗೆಗೂ ಚೌಕಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದಿ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಕಸ ಸಿಕ್ಕರೂ ಸಾಕು, ಸೂರ ಮೂಕಾಗುತ್ತದೆ. ತೆಳುವಾದ ಕಾಗದ ತೂರಿಸಿ ಎಳೆದರೆ ಮತ್ತೆ ಮಾತಾಡುತ್ತದೆ. ನಾಲಿಗೆಯ ತುದಿಯನ್ನು ಒಂದಿಷ್ಟು ಕೆರೆದರೆ ಸೂರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹೆಚ್ಚು ಕೆರೆದರೆ ಹೊಸದು ತರಲು ಮಿರಜಿಗೆ ಹೋಗಬೇಕು. ಸಿತಾರ್, ತಂಬೂರಿ ಮಾಡುವವರ ಅಲ್ಲಿನ ಓಣಿಯಲ್ಲಿ ಸುತ್ತಾಡಲು ಅದೂ ಒಂದು ನೆವ.

ಪೇಟಿಯನ್ನು ಬೈದವರು ಕಡಿಮೆಯೇನಲ್ಲ. ಪರದೇಶದಿಂದ ಬಂದದ್ದು, ಮೀಂಡ್ ಬರುವುದಿಲ್ಲ, ಎರಡು ಮನೆಗಳ ನಡುವಿನ ಶ್ರುತಿ ಇದಕ್ಕೆ ಸಿಗುವುದಿಲ್ಲ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಇದನ್ನು ಬಾಗಿಲಾಚೆ ಇಟ್ಟಿತ್ತು. ಬೈಗುಳದಲ್ಲಿ ಸುಳ್ಳಿಲ್ಲ. ಕಾಕಾನ ದನಿ ಗಾಂಧಾರದಿಂದ ಪಂಚಮಕ್ಕೆ ಜಾರಿಕೊಂಡು ಹೋದರೆ ನಾನು ಮೆಟ್ಟಿಲು ಹತ್ತಿಯೇ ಹೋಗಬೇಕು. ಅದಕ್ಕೇ ಅರ್ಧ ಉಸಿರು ಹಿಂದಿರುವುದು: ಅವರು ಜಾರುವಾಗ ಸುಮ್ಮನಿದ್ದು, ತಲುಪಿದ ಮೇಲೆ ಅಲ್ಲಿ ಕಾಲಿಗೆ ನೆಲ ಕೊಡುವುದು, ಅವರು ಉಸಿರು ಎಳೆದುಕೊಳ್ಳುವಾಗ ಆ ಬಿಡುವನ್ನು ತುಂಬುವುದು.

ಈ ವಿದ್ಯೆಗೆ ನಮ್ಮ ಕೊಲ್ಹಾಪುರ ಜಿಲ್ಲೆಯಲ್ಲೇ ಒಬ್ಬ ದೊಡ್ಡವರಿದ್ದರು, ಗೋವಿಂದರಾವ್ ಟೆಂಬೆ. ಭಾಸ್ಕರಬುವಾ ಬಖಲೆಯವರಂಥವರಿಗೆ ಸಾಥ್ ಕೊಟ್ಟ ಬೆರಳುಗಳು ಅವರವು. 1911ರ ‘ಮಾನಾಪಮಾನ’ ನಾಟಕಕ್ಕೆ ಚಾಲು ಕಟ್ಟಿದವರೂ ಅವರೇ. 1932ರಲ್ಲಿ ಕೊಲ್ಹಾಪುರದ ಪ್ರಭಾತ್ ಕಂಪನಿ ಮರಾಠಿಯ ಮೊದಲ ಮಾತಿನ ಚಿತ್ರ ‘ಅಯೋಧ್ಯೇಚಾ ರಾಜಾ’ ತೆಗೆದಾಗ ಸಂಗೀತವೂ ಅವರದೇ, ಹರಿಶ್ಚಂದ್ರನ ಪಾತ್ರವೂ ಅವರದೇ. ಪೇಟಿ ಮಾಸ್ತರನೊಬ್ಬ ರಾಜನಾದದ್ದು ಅದೊಂದೇ ಸಲ ಇರಬೇಕು ಅಂತ ನಾವು ನಗುತ್ತೇವೆ.

ಇಚಲಕರಂಜಿಯಲ್ಲಿ ಕೂತಾಗ ಬೇರೆಯದೇ ಪರೀಕ್ಷೆ. ಬಾಳಕೃಷ್ಣಬುವಾ ಇಚಲಕರಂಜಿಕರರು ಗ್ವಾಲಿಯರ್ ಗಾಯಕಿಯನ್ನು ತಂದು ನೆಲೆಗೊಳಿಸಿದ ಊರು ಅದು. ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಇತ್ತ ಇಚಲಕರಂಜಿಗೆ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ತಂದರು. ಈಗ ಊರಿನ ಕಿವಿಯಲ್ಲಿ ಗುಂಯ್‌ಗುಡುವುದು ಎರಡನೆಯದೇ. ವಿಜಯಪುರ, ಜಮಖಂಡಿ, ಬನಹಟ್ಟಿ ಕಡೆಯಿಂದ ಮಗ್ಗಕ್ಕೆ ಬಂದ ನಮ್ಮವರು ಒಂದು ಓಣಿಯಲ್ಲಿ ತಾಡಪತ್ರಿ ಕಟ್ಟಿ ನಮ್ಮನ್ನು ಕೂರಿಸುತ್ತಾರೆ. ಪಕ್ಕದ ಶೆಡ್ಡಿನಲ್ಲಿ ರಾತ್ರಿ ಪಾಳಿ ನಡೆದೇ ಇರುತ್ತದೆ. ಪ್ರತಿ ಮಗ್ಗಕ್ಕೂ ಲಯವಿದೆ, ಆದರೆ ಒಂದರ ಲಯ ಇನ್ನೊಂದಕ್ಕಿಲ್ಲ. ಒಂದು ರಾತ್ರಿ ತಬಲಾದ ಮಾಮಾ ಮೊದಲ ಪದಕ್ಕೇ ಬೆವರಿದರು.

“ಸಮ್ ಎಲ್ಲೈತಿ ಅನ್ನೂದ ತಿಳೀವಲ್ದಲ್ಲೋ!”

ತಾಳದ ಹುಡುಗ ನಕ್ಕ. “ಅದರ ಕೂಡ ಜಗಳಕ್ಕ ಬೀಳಬ್ಯಾಡ್ರಿ ಮಾಮಾ. ನನ್ನ ಕೈ ನೋಡ್ರಿ.”

ಅವತ್ತು ನಾವು ಬಾರಿಸಿದ್ದು ಕಿವಿಯಿಂದಲ್ಲ, ಕಣ್ಣಿನಿಂದ. ಕೇಳುವವರೂ ಅಷ್ಟೇ ಗಟ್ಟಿಗರು. ದಿನವಿಡೀ ಸಪ್ಪಳದಲ್ಲಿ ತುಟಿ ನೋಡಿಯೇ ಮಾತು ತಿಳಿಯುವ ಜನ, ಕಾಕಾನ ಬಾಯಿಂದ ಪದದ ಅಕ್ಷರ ಅಕ್ಷರ ಎತ್ತಿಕೊಂಡು ನಮಗಿಂತ ಜೋರಾಗಿ ತಿರುಗಿ ಹಾಡಿದರು. ಅಂಥ ಹಿಮ್ಮೇಳ ಮತ್ತೆಲ್ಲೂ ಸಿಕ್ಕಿಲ್ಲ.

ರೆಕಾರ್ಡಿಂಗಿನ ಹುಚ್ಚು ಹತ್ತಿಸಿದವನೂ ಆ ಹುಡುಗನೇ. “ಎಲ್ಲಾರೂ ಯೂಟ್ಯೂಬಿಗೆ ಹಾಕ್ತಾರು, ನಾವ್ಯಾಕ ಬ್ಯಾಡ?” ಅಂದ. ಹಂಗಾದರ ಆಗಲಿ ಎಂದು ಎಲ್ಲರೂ ರೊಕ್ಕ ಕೂಡಿಸಿ ಕೊಲ್ಹಾಪುರಕ್ಕೆ ಹೊರಟೆವು. ಹೆದ್ದಾರಿ ಹಿಡಿದರೆ ದಾರಿ ತಮಾಷೆಯದು. ಮಹಾರಾಷ್ಟ್ರದ ಗಡಹಿಂಗ್ಲಜದಿಂದ ಮಹಾರಾಷ್ಟ್ರದ ಕೊಲ್ಹಾಪುರಕ್ಕೆ ಹೋಗಲು ಸಂಕೇಶ್ವರ, ನಿಪ್ಪಾಣಿ ಎಂದು ಕರ್ನಾಟಕದೊಳಗೆ ಹಾಯ್ದು, ಕೊಗನೊಳ್ಳಿ ಟೋಲ್ ದಾಟಿ ಕಾಗಲದಲ್ಲಿ ಮತ್ತೆ ಸ್ವಂತ ರಾಜ್ಯಕ್ಕೆ ಬರಬೇಕು.

ಕೊಲ್ಹಾಪುರದಲ್ಲಿ ದನಿ ಹಿಡಿದಿಡುವ ಮಾತು ಬಂದರೆ ಅಲ್ಲಾದಿಯಾ ಖಾನರ ನೆನಪಾಗದೆ ಇರದು. ಶಾಹೂ ಮಹಾರಾಜರ ಆಸ್ಥಾನದಲ್ಲಿದ್ದ ಆ ಉಸ್ತಾದರ ಒಂದೇ ಒಂದು ಧ್ವನಿಮುದ್ರಣವಿಲ್ಲ. ಅವರ ಶಿಷ್ಯೆ ಕೇಸರಬಾಯಿ ಕೇರ್ಕರರ ಮೂರೂವರೆ ನಿಮಿಷದ ಭೈರವಿ ಮಾತ್ರ 1977ರಲ್ಲಿ ವಾಯೇಜರ್ ನೌಕೆಯ ಜೊತೆ ಆಕಾಶಕ್ಕೆ ಹಾರಿತು. ಉಸ್ತಾದರ ಮಗ ಭುರ್ಜಿಖಾನರ ಹತ್ತಿರ ಕಲಿತ ನಮ್ಮ ಮಲ್ಲಿಕಾರ್ಜುನ ಮನ್ಸೂರರ ದನಿ ಮನೆಮನೆಯಲ್ಲಿದೆ. ಗುರು ಉಳಿದದ್ದು ಶಿಷ್ಯರ ಗಂಟಲಲ್ಲಿ. ನಮ್ಮ ಪದಗಳೂ ಹಾಗೆಯೇ ಒಬ್ಬರ ಬಾಯಿಂದ ಒಬ್ಬರಿಗೆ ಬಂದವು.

ಸ್ಟುಡಿಯೋ ಅಂದರೆ ಮಹಡಿಯ ಮೇಲಿನ ಒಂದು ಕೋಣೆ, ಗೋಡೆಗೆಲ್ಲ ಕರಿ ಸ್ಪಂಜು, ಗಾಜಿನಾಚೆ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗ. ಒಬ್ಬೊಬ್ಬರೇ ಒಳಗೆ ಬನ್ನಿ ಅಂದ. ಮೊದಲು ತಬಲಾ, ಆಮೇಲೆ ಪೇಟಿ, ಕಡೆಗೆ ಹಾಡು. ಮಾಮಾನ ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಎಂಬ ಸಪ್ಪಳಕ್ಕೆ ಬಾರಿಸಲು ಹೇಳಿದ. ಭಜನೆಯ ಲಯ ಏರಬೇಕಾದದ್ದು, ಟಿಕ್ ಟಿಕ್ ಏರಲೊಲ್ಲದು. ಆಮೇಲೆ ನನ್ನ ಸರದಿ. ಎದುರಿಗೆ ಕಾಕಾ ಇಲ್ಲ, ಅವರ ಉಸಿರಿಲ್ಲ, ಎತ್ತುವ ಮುಂಚೆ ಹುಬ್ಬು ಮೇಲೇರುವುದಿಲ್ಲ. ಹಾಡೇ ಇಲ್ಲದ ಮೇಲೆ ಅರ್ಧ ಉಸಿರು ಹಿಂದೆ ಇರುವುದು ಯಾರಿಗೆ? ಇಲ್ಲಿ ಪೇಟಿ ಮುಂದೆ ಹೋಗಬೇಕು, ದನಿ ಅದರ ಬೆನ್ನು ಹತ್ತಿ ಬರಬೇಕು. ಬಾರಿಸಿದೆ. ಸೂರ ಎಲ್ಲ ಸರಿಯಿತ್ತು. ಕಾಕಾ ಅದರ ಮೇಲೆ ಹಾಡಿದ್ದೂ ಸರಿಯಿತ್ತು. ಕೇಳಿದಾಗ ಐದೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಬೇರೆ ಯಾರೋ ಒಳ್ಳೆಯವರು ಹಾಡಿದ ಹಾಗಿತ್ತು.

ನಾನು ಗಾಜಿನಾಚೆಯ ಹುಡುಗನಿಗೆ 78 ಆರ್.ಪಿ.ಎಂ. ತಟ್ಟೆಗಳ ಕಾಲ ನೆನಪಿಸಿದೆ. ಒಂದು ಬದಿಗೆ ಸುಮಾರು ಮೂರು ನಿಮಿಷ, ಹಾಡುವವರೂ ಬಾರಿಸುವವರೂ ಒಟ್ಟಿಗೇ ಕೂತು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. ಆಮೇಲೆ ತಿದ್ದುವ ಮಾತಿಲ್ಲ. ನಮ್ಮದೂ ಹಾಗೇ ಆಗಲಿ ಎಂದೆ. ತಲೆ ಕೆರೆದುಕೊಂಡ, ಆದರೆ ಒಪ್ಪಿದ. ಕುರ್ಚಿ ಹೊರಗಿಟ್ಟು ಜಮಖಾನೆ ಹಾಸಿದ, ನಡುವೆ ಎರಡು ಮೈಕು ನಿಲ್ಲಿಸಿದ. ಐವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಕಾಕಾನ ಹುಬ್ಬು ಏರಿತು. ಎರಡನೆಯ ಚರಣಕ್ಕೆ ಲಯ ತಾನಾಗಿ ಮೇಲೆದ್ದಿತು, ಮಾಮಾ ಅದನ್ನು ಹಿಡಿಯಲಿಲ್ಲ, ಬಿಡಲೂ ಇಲ್ಲ. ತಾಳದ ಹುಡುಗ ಕಣ್ಣು ಮುಚ್ಚಿದ್ದ. ನನ್ನ ಸಂದಿ ನನಗೆ ಮರಳಿ ಸಿಕ್ಕಿತ್ತು.

ಪದ ಮುಗಿದ ಮೇಲೆ ಗಾಜಿನಾಚೆಯ ಹುಡುಗ ಮೈಕಿನಲ್ಲಿ ಹೇಳಿದ, “ಕಾಕಾ, ಛಲೋ ಆತು. ಖರೇ, ಭಾತಾದ ಸಪ್ಪಳ ಬಂದೈತಿ, ನಡುವ ಯಾರೋ ‘ಆಹಾ’ ಅಂದಾರು. ಇನ್ನೊಮ್ಮಿ ತಗೊಳ್ಳೂಣೇನ್ರಿ?”

ಕಾಕಾ ಆಗಲೇ ಎದ್ದು ಟಾವೆಲ್ ಹೆಗಲಿಗೆ ಹಾಕಿಕೊಂಡಿದ್ದರು. “ಇನ್ನೊಮ್ಮಿ ಹಾಡಿದ್ರ ಅದು ಬ್ಯಾರೇನ ಪದ ಆಗ್ತೈತಿ ತಮ್ಮಾ. ಅದಕ್ಕ ಮತ್ತ ಬ್ಯಾರೆ ರೊಕ್ಕ ಕೇಳಾಂವ ನೀ. ಆಹಾ ಅಂದದ್ದು ಇರಲಿ ಬಿಡು. ಊರಾಗ ಯಾರೂ ಅನ್ನದಿದ್ರ, ಒಬ್ಬಾಂವರೆ ಅಂದಾನಲ್ಲ!”