ಸೈಕಲ್ಲಿನ ಮೇಲೆ ಗುಬ್ಬಿ, ಎಡೆಯೂರು, ಕುಣಿಗಲ್

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೆ ಅದು ಒಂದು ತೂಕಡಿಕೆಯಷ್ಟು ದೂರ. ಅದೇ ಹಾದಿಯನ್ನು ಸೈಕಲ್ ತುಳಿದು ಕ್ರಮಿಸುವವರಿಗೆ ಎಷ್ಟು ಊರು, ಎಷ್ಟು ಕೆರೆಕಟ್ಟೆ, ಎಷ್ಟು ಗುಡಿಗಳು ಎದುರಾಗುವುವೆಂಬುದನ್ನು 2022ರ ಕಾರ್ತಿಕ ಮಾಸದಲ್ಲಿ ನಾವು ಮೂವರು ಗೆಳೆಯರು ಪ್ರತ್ಯಕ್ಷ ಕಂಡೆವು. ತುಮಕೂರಿನಿಂದ ಹೊರಟು ಗುಬ್ಬಿ, ಎಡೆಯೂರು, ಕುಣಿಗಲ್ ಮಾರ್ಗವಾಗಿ ಮರಳಿ ತುಮಕೂರು. ಹೆಚ್ಚುಕಡಿಮೆ 120 ಕಿಲೋಮೀಟರುಗಳ ಸುತ್ತು. ಮೂರು ದಿನ ಹಿಡಿಯಿತು. ಮನಸ್ಸು ಮಾಡಿದರೆ ಒಂದೇ ದಿನದ ಕೆಲಸವೆಂದು ತರುಣ ವಾಚಕರು ನಗಬಹುದು, ನಗಲಿ. ಬೇಗ ಮುಗಿಸುವುದು ನಮ್ಮ ಉದ್ದೇಶವಾಗಿರಲಿಲ್ಲ.

ಹೀಗೆ ನಿಧಾನವಾಗಿ ಸೈಕಲ್ಲಿನ ಮೇಲೆ ನಾಡು ನೋಡುವುದನ್ನು ಒಂದು ಸಂಸ್ಕಾರವನ್ನಾಗಿ ಬೆಳೆಸಿದವರಲ್ಲಿ ಫ್ರೆಂಚರು ಅಗ್ರಗಣ್ಯರು. ಸೇಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿ ಎಂಬಾತ 1887ರಲ್ಲಿ ಸೈಕಲ್ ಸವಾರರಿಗಾಗಿಯೇ ಪತ್ರಿಕೆಯೊಂದನ್ನು ಆರಂಭಿಸಿ, ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಹಸಿವಾಗುವ ಮೊದಲೇ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಒಣಪ್ರತಿಷ್ಠೆಗಾಗಿ ಪೆಡಲ್ ತುಳಿಯಬಾರದು ಎಂಬಿವು ಆತನ ನಿಯಮಗಳಲ್ಲಿ ಕೆಲವು. 1936ರಲ್ಲಿ ಅಲ್ಲಿನ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಕಾನೂನಾದಾಗ, ಅದೆಷ್ಟೋ ಕುಟುಂಬಗಳು ಸೈಕಲ್ಲುಗಳನ್ನೇರಿ ಹಳ್ಳಿಗಾಡಿನತ್ತ ಹೊರಟವು. ನಮ್ಮಲ್ಲಿಯಾದರೋ ಸೈಕಲ್ ವಿಹಾರದ ವಾಹನವಾದುದು ಕಡಿಮೆ. ಹಾಲಿನ ಕ್ಯಾನು, ತೆಂಗಿನಕಾಯಿ ಮೂಟೆ, ಶಾಲೆಯ ಮಕ್ಕಳು, ಜಾತ್ರೆಗೆ ಹೊರಟ ದಂಪತಿಗಳು, ಎಲ್ಲವನ್ನೂ ಹೊತ್ತ ಕಾಯಕದ ಬಂಡಿ ಅದು.

ಗುಬ್ಬಿಯವರೆಗಿನ ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೆ ಹ್ಯಾಂಡಲ್ಲೇ ಓಲಾಡುವಂತಾಗಿ, ವಿಹಾರದ ಸುಖವೇನೂ ದೊರೆಯಲಿಲ್ಲ. ಊರು ಮುಟ್ಟಿ ಶ್ರೀ ಚನ್ನಬಸವೇಶ್ವರರ ದರ್ಶನ ಪಡೆದೆವು. 1513ರಲ್ಲಿ ‘ಭಾವಚಿಂತಾರತ್ನ’ ರಚಿಸಿದ ಮಲ್ಲಣಾರ್ಯನ ಹೆಸರಿನೊಡನೆ ಬೆಸೆದುಕೊಂಡ ಊರಿದು. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಬೆಳಗಿದ ನಾಟಕ ಕಂಪನಿಯ ತವರೂ ಹೌದು. ಆನೆಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿಯ ಕಥೆಗಳನ್ನು ಆ ರಾತ್ರಿ ನಮಗೆ ಹೇಳಿದವರು ನಮ್ಮ ಸೋದರಮಾವನವರು. ವಯಸ್ಸು 74. ಅತ್ತೆ ಲಿಂಗೈಕ್ಯರಾದ ಮೇಲೆ ಮನೆಬಿಟ್ಟು ಹೊರಗೆ ಹೋಗುವುದನ್ನೇ ಬಿಟ್ಟಿದ್ದರು.

ಬೆಳಿಗ್ಗೆ ನಾವು ಹೊರಡುವ ವೇಳೆಗೆ ಅವರು ಸ್ನಾನ, ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಹಟ್ಟಿಯ ಮೂಲೆಯಲ್ಲಿದ್ದ ಹಳೆಯ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮಗ ತಡೆಯಲು ಬಂದಾಗ, “ಮದುವೆಯಾದ ವರ್ಷ ನಿಮ್ಮವ್ವನ್ನ ಕ್ಯಾರಿಯರ್ ಮೇಲೆ ಕೂರಿಸ್ಕಂಡು ಇದೇ ಸೈಕಲ್ನಾಗೆ ಎಡೆಯೂರು ತೇರಿಗೆ ಹೋಗಿದ್ದೆ ಕಣಪ್ಪ. ಕಡಬದ ತನಕ ಹೋಗಿ ಬತ್ತೀನಿ ಬಿಡು” ಎಂದರು.

ಗುಬ್ಬಿಯಿಂದ ದಕ್ಷಿಣಕ್ಕೆ ತಿರುಗಿದೊಡನೆ ಲಾರಿಗಳ ಗದ್ದಲ ಹಿಂದುಳಿಯಿತು. ತೆನೆಬಿಟ್ಟ ರಾಗಿಯ ಹೊಲಗಳು, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಹಳದಿ ಹೂ. ತಗ್ಗಿಗಿಳಿದರೆ ತೆಂಗು, ಅಡಿಕೆಯ ತೋಟಗಳ ತಂಪು. ಅವರೆಯ ಸೊಗಡು ಮೂಗಿಗೆ ತಟ್ಟಬೇಕಾದರೆ ಸೈಕಲ್ಲಿಗಿಂತ ವೇಗ ಕೂಡದೆಂಬುದು ನಮ್ಮ ಅನುಭವ. ಮಾವನವರು ಮುಂದೆ, ನಾವು ಹಿಂದೆ. ಅವರು ಏರು ಬಂದಲ್ಲಿ ಇಳಿದು ತಳ್ಳುವರು, ಇಳಿಜಾರಿನಲ್ಲಿ ಗಂಟೆ ಬಾರಿಸುವರು. ಆ ವರ್ಷ ಮಳೆ ಧಾರಾಳವಾಗಿತ್ತು. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆ ಸಮುದ್ರದಂತೆ ತೋರುತ್ತಿತ್ತು. ಶ್ರೀರಾಮನ ಅಪ್ಪಣೆಯಿಂದ ಆದ ಕೆರೆಯೆಂದು ಐತಿಹ್ಯ. ಏರಿಯ ಮೇಲೆ ಕುಳಿತು ರೊಟ್ಟಿ ಬುತ್ತಿ ಬಿಚ್ಚಿದೆವು. ಹಿಂತಿರುಗುವ ಮಾತನ್ನು ನಾವು ನೆನಪಿಸಲಿಲ್ಲ, ಅವರೂ ಎತ್ತಲಿಲ್ಲ.

ಚಂದ್ರಶೇಖರಪುರ, ಅಂದರೆ ಜನರ ಬಾಯಲ್ಲಿ ಸಿ.ಎಸ್. ಪುರ, ತಲುಪುವ ಮೊದಲು ನಮ್ಮೊಬ್ಬರ ಗಾಲಿ ಪಂಕ್ಚರ್ ಆಯಿತು. ಅಂಗಡಿಯವರು ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತ, “ದಿನಕ್ಕೊಂದು ಸೈಕಲ್ ಬಂದ್ರೆ ಹೆಚ್ಚು ಸ್ವಾಮಿ, ಎಲ್ಲಾ ಮೋಟ್ರು ಬೈಕೇಯ” ಎಂದರು.

ದೀಪ ಹಚ್ಚುವ ಹೊತ್ತಿಗೆ ಎಡೆಯೂರು. ಹದಿನಾರನೆಯ ಶತಮಾನದ ತೋಂಟದ ಸಿದ್ಧಲಿಂಗ ಯತಿಗಳು ಏಳುನೂರೊಂದು ಚರಜಂಗಮರೊಡನೆ ನಾಡನ್ನು ಸಂಚರಿಸಿ, ಕೊನೆಗೆ ನೆಲೆಗೊಂಡ ಪುಣ್ಯಕ್ಷೇತ್ರವೆಂಬುದು ವಾಚಕ ಬಂಧುಗಳಿಗೆ ತಿಳಿದ ವಿಷಯ. ಅವರು ಸಂಚರಿಸಿದ್ದು ಕಾಲ್ನಡಿಗೆಯಲ್ಲಿ. ನಮ್ಮ ಸೀಮೆಯ ಕೆರೆ, ಗುಡಿ, ಮಠಗಳೆಲ್ಲ ನಡೆಯುವವನ ದಣಿವನ್ನು ಅಳೆದು ಇಟ್ಟಂತೆ ಇರುವುದು ಆ ದಿನ ನಮಗೆ ಮನವರಿಕೆಯಾಯಿತು. ಗದ್ದುಗೆಯ ಮುಂದೆ ಮಾವನವರು ಬಹಳ ಹೊತ್ತು ಕುಳಿತಿದ್ದರು. ದಾಸೋಹದ ಪಂಕ್ತಿಗೆ ಕರೆಯಲು ನಮಗೆ ಮನಸ್ಸಾಗಲಿಲ್ಲ.

ಮರುದಿನ ಮುಂಜಾನೆ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೊರಟೆವು. ನಡುವೆ ಬೆಂಗಳೂರು–ಮಂಗಳೂರು ಹೆದ್ದಾರಿ. “ಅವತ್ತು ಇಲ್ಲಿ ಗಾಡಿ ಬಂದ್ರೆ ನಿಂತು ನೋಡ್ತಿದ್ವಿ” ಎಂದರು ಮಾವನವರು. ಈಗ ನಾಲ್ಕು ಪಥಗಳಲ್ಲಿ ವಾಹನಗಳ ಪ್ರವಾಹ. ಸೈಕಲ್ ಹಿಡಿದ ಆ ಮುದುಕರತ್ತ ನೋಡಿ ವೇಗ ತಗ್ಗಿಸಿದವರು ಒಬ್ಬರೂ ಇಲ್ಲ. ಕಾಲುಗಂಟೆ ಕಾದು, ನಾವು ಮೂವರು ಅವರ ಸುತ್ತ ನಿಂತು, ಕೈಯೆತ್ತಿ, ಓಡಿ ದಾಟಿಸಿದೆವು. ಆಚೆ ಬದಿ ಸೇರಿದಾಗ ಅವರ ಕೈ ನಡುಗುತ್ತಿತ್ತು. ಹೆದ್ದಾರಿ ಬೇಡವೆಂದು ನಾವು ಹೇಳಲಾರೆವು. ಆಸ್ಪತ್ರೆಗೆ ಧಾವಿಸುವ ಬಂಧುಗಳಿಗೆ ಅದು ಬೇಕು. ಆದರೆ ಈಚೆಯ ಊರಿನವರಿಗೆ ಆಚೆಯ ಹೊಲ, ಆಚೆಯ ಗುಡಿ ಪರದೇಶವಾಗಬೇಕೆ? ಪಾದಚಾರಿಗೂ ಸೈಕಲ್ಲಿನವನಿಗೂ ಒಂದು ಕೆಳದಾರಿ ಬಿಡುವುದು ದೊಡ್ಡ ವೆಚ್ಚವಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಜಲಾಶಯದಲ್ಲಿ ನೀರು ಪೂರ್ಣಮಟ್ಟ ಮುಟ್ಟಿದೊಡನೆ, ಯಾರೂ ಬಾಗಿಲು ತೆರೆಯಬೇಕಿಲ್ಲದೆ, ಸೈಫನ್ನುಗಳ ಮೂಲಕ ತಾನೇ ಹೊರಗೆ ಧುಮುಕುವುದು. ಅತ್ತೆ ಅಂದು ಈ ನೀರಿನ ಸದ್ದಿಗೆ ಹೆದರಿ ದೂರವೇ ನಿಂತಿದ್ದರಂತೆ. ಮಾವನವರು ಅದನ್ನು ನಗುತ್ತಲೇ ಹೇಳಿದರು.

ನಾಗಿನಿ ನದಿಯ ದಂಡೆಯ ಕಗ್ಗೆರೆಯಲ್ಲಿ, ಸಿದ್ಧಲಿಂಗರ ಮೇಲೆ ಹುತ್ತ ಬೆಳೆದಿತ್ತೆಂದು ಹೇಳುವ ತಪೋಭೂಮಿಯಲ್ಲಿ, ಅರ್ಧ ಗಂಟೆ ವಿಶ್ರಮಿಸಿ ಕುಣಿಗಲ್ ಸೇರಿದೆವು. ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆಗಳನ್ನು ಸಾಕಿದ ಊರು. ಜನಪದರು ಹಾಡಿ ಹೊಗಳಿದ ಕೆರೆ. ಅಲ್ಲಿಂದ ತುಮಕೂರಿಗೆ 36 ಕಿಲೋಮೀಟರು. ನಡುವೆ ಹೆಬ್ಬೂರು, ಜಕಣಾಚಾರಿಯ ಕಥೆ ಹೊತ್ತ ಕೈದಾಳದ ಚನ್ನಕೇಶವ, ಕಾರ್ತಿಕದುದ್ದಕ್ಕೂ ಪೂಜೆಗೊಳ್ಳುವ ಗೂಳೂರಿನ ಮಣ್ಣಿನ ಮಹಾಗಣಪತಿ. ಇವನ್ನು ಕುರಿತು ಇನ್ನೊಮ್ಮೆ ಬರೆಯುವೆವು. ಆ ಹಾದಿಯನ್ನು ತುಳಿದವರು ನಾವು ಮೂವರೇ. ಮಾವನವರನ್ನು ಕುಣಿಗಲ್ ಕೆರೆಯ ಏರಿಯ ಮೇಲೆಯೇ ಬೀಳ್ಕೊಂಡಿದ್ದೆವು. ಮಗ ಸಣ್ಣ ಗೂಡ್ಸ್ ಗಾಡಿ ತಂದಿದ್ದ. ಮುಂದೆ ಕೂರಿರೆಂದು ಎಷ್ಟು ಹೇಳಿದರೂ ಕೇಳದೆ, ಅವರು ಹಿಂದೆ ಸೈಕಲ್ಲಿನ ಪಕ್ಕದಲ್ಲಿ, ಒಂದು ಕೈಯಿಂದ ಕ್ಯಾರಿಯರನ್ನು ಹಿಡಿದುಕೊಂಡು ಕುಳಿತರು.