ಕತ್ತಿ ಹಿಡಿದವಳಿಗೆ ರಜೆ

ಮಾಯಿ ಕವಸುಮಿ ನಗುವುದಿಲ್ಲ. ಅಳುವುದೂ ಕಮ್ಮಿ. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ, ಮೈಮೇಲೆ ಸಮವಸ್ತ್ರ, ಕೈಯಲ್ಲಿ ಕತ್ತಿ. ರಾತ್ರಿಯಾಯಿತೆಂದರೆ ಶಾಲೆಯ ಕಾರಿಡಾರಿನಲ್ಲಿ ಒಬ್ಬಳೇ ನಿಂತು ಕಣ್ಣಿಗೆ ಕಾಣದ ಪಿಶಾಚಿಗಳನ್ನು ಬೇಟೆಯಾಡುತ್ತಾಳೆ. ಕಿಟಕಿಯ ಗಾಜು ಒಡೆಯುತ್ತದೆ, ಬೆಳಿಗ್ಗೆ ದೂರೆಲ್ಲ ಇವಳ ಮೇಲೆ. ಸಮಜಾಯಿಷಿ ಕೊಡುವ ಗೋಜಿಗೆ ಹೋಗುವವಳಲ್ಲ. ಇಷ್ಟವಾದುದನ್ನೂ ‘ಬೇಡವೇನಲ್ಲ’ ಎನ್ನುವಷ್ಟಕ್ಕೆ ಮುಗಿಸುತ್ತಾಳೆ. ಅನ್ನದ ಮೇಲೆ ದನದ ಮಾಂಸ ಹರಡಿ ಕೊಡುವ ಗ್ಯೂದೊನ್ ಎಂದರೆ ಅವಳಿಗೆ ಹೀಗೆ ಬಹಳವೇ ‘ಬೇಡವೇನಲ್ಲ’.

ಇವಳು ಜಪಾನಿನ ‘ಕನೋನ್’ ಕತೆಯವಳು. 1999ರಲ್ಲಿ ಕೀ ಎಂಬ ಸಂಸ್ಥೆ ಹೊರತಂದ ಕಂಪ್ಯೂಟರ್ ಆಟ ಅದು. ಆಟ ಎನ್ನುವುದು ಹೆಸರಿಗೆ. ಓದುವುದೇ ಹೆಚ್ಚು, ಓದುವುದಕ್ಕಿಂತ ಅಳುವುದು ಹೆಚ್ಚು. 2006ರಲ್ಲಿ ಕ್ಯೋಟೋ ಅನಿಮೇಷನ್‌ನವರು ಅದನ್ನು 24 ಕಂತುಗಳ ಅನಿಮೆ, ಅಂದರೆ ಜಪಾನೀ ಕಾರ್ಟೂನು, ಮಾಡಿದರು. ಕೀ ನಾಯಕಿಯರ ಜಾತಕವೇ ಸರಿಯಿಲ್ಲ. ಒಬ್ಬಳಿಗೆ ವಾಸಿಯಾಗದ ಕಾಯಿಲೆ, ಒಬ್ಬಳಿಗೆ ನೆನಪಿಲ್ಲ, ಇನ್ನೊಬ್ಬಳು ನಿಜಕ್ಕೂ ಇದ್ದಾಳೆಯೇ ಎಂಬುದೇ ಅನುಮಾನ.

ಮಾಯಿಯ ಪಾಡು ಬೇರೆ. ಚಿಕ್ಕವಳಿದ್ದಾಗ ಅವಳಲ್ಲೊಂದು ವಿಚಿತ್ರ ಶಕ್ತಿಯಿತ್ತು. ಸಾಯಲಿದ್ದ ತಾಯಿಯನ್ನು ಅದು ಉಳಿಸಿತು. ಊರಿನವರು ಮಾತ್ರ ಮಗುವನ್ನು ಕಂಡು ಹೆದರಿದರು. ತಾಯಿ ಮಗಳು ಊರು ಬಿಟ್ಟರು. ಹೊಸ ಊರಿನ ಗೋಧಿ ಹೊಲದಲ್ಲಿ, ಇವಳ ಶಕ್ತಿಗೆ ಹೆದರದ ಒಬ್ಬ ಹುಡುಗ ಸಿಕ್ಕ. ಎತ್ತರದ ಪೈರಿನ ನಡುವೆ ಇವಳು ಕಾಣಲೆಂದು ತಲೆಗೆ ಮೊಲದ ಕಿವಿ ತೊಡಿಸಿದ. ರಜೆ ಮುಗಿಯಿತು, ಹುಡುಗ ಹೊರಟ. ತಡೆಯಲು ಇವಳಿಗೆ ಹೊಳೆದದ್ದು ಒಂದೇ ಸುಳ್ಳು: ಪಿಶಾಚಿಗಳು ಬರುತ್ತಿವೆ, ನಾವು ಆಡುವ ಜಾಗ ಕಾಯೋಣ ಬಾ. ಅವನು ಬರಲಿಲ್ಲ. ಇವಳು ಕಾಯತೊಡಗಿದಳು. ಹೊಲ ಹೋಗಿ ಅಲ್ಲಿ ಶಾಲೆ ಎದ್ದಿತು, ಅದೇ ಶಾಲೆಗೆ ಇವಳೂ ಸೇರಿದಳು, ಕಾವಲು ನಿಲ್ಲಲಿಲ್ಲ. ಪಿಶಾಚಿಗಳೆಂದರೆ ಇವಳೇ ಹೊರಗಟ್ಟಿದ ಆ ಶಕ್ತಿ. ಬೀಸಿದ ಏಟು ಇವಳ ಮೈಗೇ ಬೀಳುತ್ತಿತ್ತು. ಒಂದು ಸುಳ್ಳಿಗೆ ಇಷ್ಟು ನಿಯತ್ತಾಗಿ ದುಡಿದವರನ್ನು ನಾನು ರಾಜಕೀಯದಲ್ಲೂ ಕಂಡಿಲ್ಲ.

ಇಂಥವಳನ್ನು 2021ರ ಅಕ್ಟೋಬರಿನಲ್ಲಿ ‘ಕಗಿನಾದೊ’ ಎಂಬ ತಮಾಷೆಯ ಅನಿಮೆಗೆ ಎಳೆತಂದರು. ಕನೋನ್, ಏರ್, ಕ್ಲಾನಾಡ್, ಲಿಟಲ್ ಬಸ್ಟರ್ಸ್, ಹೀಗೆ ಕೀ ಕತೆಗಳವರೆಲ್ಲ ಒಂದೇ ಶಾಲೆಯಲ್ಲಿ. ಕಂತೆಂದರೆ ಕೆಲವೇ ನಿಮಿಷ. ಎಲ್ಲರಿಗೂ ಕುಂಬಳಕಾಯಿ ಗಾತ್ರದ ತಲೆ, ಗೇಣುದ್ದದ ಮೈ. ಅತ್ತು ಅತ್ತು ಪರಿಚಯವಾದವರನ್ನು ನೋಡಿ ನಗಬೇಕು! ನನಗಂತೂ ಮೊದಲಿಗೆ ಸಿಟ್ಟೇ ಬಂತು. ಆಮೇಲೆ ಮಾಯಿಯನ್ನೇ ಗಮನಿಸಿದೆ. ಸುತ್ತ ಗದ್ದಲ, ಇವಳ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿಯ ಮಕ್ಕಳನ್ನೂ ಎತ್ತರಕ್ಕೆ ತಕ್ಕಂತೆ ಸಾಲು ನಿಲ್ಲಿಸುವ ನಿವೃತ್ತ ಹೆಡ್‌ಮಾಸ್ತರರು ನೆನಪಾದರು. ಕೆಲಸ ಮುಗಿದಿದೆ, ಕೈಗೆ ಮಾತ್ರ ಯಾರೂ ತಿಳಿಸಿಲ್ಲ.

ಆ ಶಾಲೆಯಲ್ಲಿ ಯಾರೂ ಸಾಯುವುದಿಲ್ಲ. ಚಿತ್ರದಲ್ಲಿ ಬರೆದ ಹುಡುಗಿಯರಿಗೆ ಆ ಸೌಲಭ್ಯವುಂಟು, ದನಿ ಕೊಡುವವರಿಗಿಲ್ಲ. ಕನೋನ್‌ನಲ್ಲಿ ಮಾಯಿಗೆ ಸಯೂರಿ ಎಂಬ ಗೆಳತಿಯಿದ್ದಳು. ಮಹಡಿ ಮೆಟ್ಟಿಲ ತುದಿಯಲ್ಲಿ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಇವಳ ಪಾಲಿನ ನಗುವನ್ನೂ ತಾನೇ ನಗುತ್ತಿದ್ದವಳು. ಅವಳಿಗೆ ದನಿ ಕೊಟ್ಟವರು ತೊಮೊಕೊ ಕವಕಾಮಿ. ‘ಏರ್’ನ ನಾಯಕಿ ಮಿಸುಜುವಿನ ದನಿಯೂ ಅವರದೇ. ಎಲ್ಲರೂ ಕೂಡಿ ನಗುವ ಈ ಶಾಲೆ ಬಾಗಿಲು ತೆರೆಯುವ ಹತ್ತು ವರ್ಷ ಮೊದಲೇ, 2011ರಲ್ಲಿ, ಅವರು ತೀರಿಕೊಂಡರು.

ಇರಲಿ, ಮಾಯಿಯ ಮಾತಿಗೆ ಬರೋಣ. ಮೂಲ ಕತೆಯಲ್ಲಿ ಆ ಹುಡುಗ, ಈಗ ದೊಡ್ಡವನಾಗಿ ಮರಳಿ ಬಂದವನು, ಸ್ವಲ್ಪ ಮುದ್ದಾಗಿ ಮಾತಾಡಬಾರದೇ ಎಂದು ಪೀಡಿಸುತ್ತಾನೆ. ಹೌದು ಎನ್ನಲು ‘ಜೇನುತುಪ್ಪದ ಕರಡಿರಾಯ’ ಅನ್ನು, ಇಲ್ಲ ಎನ್ನಲು ‘ಡೊಳ್ಳುಹೊಟ್ಟೆಯ ತನುಕಿರಾಯ’ ಅನ್ನು ಎಂದು ಹೇಳಿಕೊಡುತ್ತಾನೆ (ತನುಕಿ ಎಂದರೆ ನರಿಯಂಥ ಒಂದು ಜಪಾನೀ ಪ್ರಾಣಿ). ಅವನಿಗೆ ತಮಾಷೆ, ಇವಳಿಗೆ ಆಜ್ಞೆ. ಅಂದಿನಿಂದ ಕತ್ತಿ ಹಿಡಿದೇ, ಶವಯಾತ್ರೆಗೆ ಹೊರಟವಳ ಗಾಂಭೀರ್ಯದಲ್ಲಿ, ಕರಡಿರಾಯ ಎನ್ನುತ್ತಾಳೆ.

ಈ ಚಟ ನನಗೂ ಅಂಟಿತು. “ಏನ್ರೀ, ಕಾಫಿ ಬೇಕಾ?” ಎಂದು ಅಡುಗೆಮನೆಯಿಂದ ಕೂಗು ಬಂದರೆ, ಮುಖ ಬಿಗಿದುಕೊಂಡು “ಜೇನುತುಪ್ಪದ ಕರಡಿರಾಯ” ಎನ್ನುತ್ತೇನೆ. ಕಾಫಿ ಬರುತ್ತದೆ, ಸಕ್ಕರೆ ಇಲ್ಲದೆ.