ಲೇನಿಯರ್ ಸರೋವರದ ನೀರ್ಗುದುರೆ

ನಮ್ಮ ಮನೆತನದವರಿಗೆ ನೀರೆಂದರೆ ಭಯ. ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಯ ಮೇಲೆ ಹುಟ್ಟಿ ಬೆಳೆದವನು ಹೀಗೆ ಹೇಳಿದರೆ ವಾಚಕರು ನಗಬಹುದು. ನಾನು ಏಳು ವರ್ಷದವನಾಗಿದ್ದಾಗ ಒಂದು ಶ್ರಾವಣಮಾಸದಲ್ಲಿ ನನ್ನ ಅಣ್ಣನನ್ನು ಹೊಳೆಯು ಕೊಂಡೊಯ್ದಿತು. ಅಂದಿನಿಂದ ನಮ್ಮ ತಾಯಿಯವರು ಉಳಿದ ಮಕ್ಕಳನ್ನು ಹೊಳೆಯ ಮೆಟ್ಟಿಲಿಗೆ ಇಳಿಯಗೊಡಲಿಲ್ಲ. ಎಳ್ಳಮಾವಾಸ್ಯೆಯ ಜಾತ್ರೆಯ ದಿನವೂ ತಂಬಿಗೆಯಲ್ಲಿ ನೀರು ತರಿಸಿ ನಮ್ಮ ತಲೆಗೆ ಪ್ರೋಕ್ಷಿಸಿ ಸ್ನಾನದ ಶಾಸ್ತ್ರ ಮುಗಿಸುತ್ತಿದ್ದರು. ಈಜು ಕಲಿಯದೆಯೇ ನಾನು ಮುದುಕನಾದೆ. ನನ್ನ ಮಗಳಿಗೂ ಕಲಿಸಲಿಲ್ಲ. ಅಂಥ ಮನೆಯ ಮಗಳು ಈಗ ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ, ಒಂದು ಮಹಾ ಸರೋವರಕ್ಕೆ ಅರ್ಧ ಗಂಟೆಯ ದಾರಿಯಲ್ಲಿ, ಸಂಸಾರ ಹೂಡಿಕೊಂಡಿದ್ದಾಳೆ. ಹೋದ ವರ್ಷ ವೈಶಾಖದಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋದಾಗ ಮನೆಯಲ್ಲಿ ಒಂದು ವಾದವು ಬಿರುಸಾಗಿ ನಡೆದಿತ್ತು. ಅಳಿಯಂದಿರಿಗೆ ಒಂದು ಜೆಟ್ ಸ್ಕೀ ಕೊಳ್ಳಬೇಕೆಂಬ ಹಂಬಲ. ಮಕ್ಕಳಿಬ್ಬರೂ ಅವರ ಪಕ್ಷ. ಮಗಳು ಮಾತ್ರ ಒಪ್ಪಿರಲಿಲ್ಲ.

ಜೆಟ್ ಸ್ಕೀ ಎಂದರೆ ನೀರಿನ ಮೇಲೆ ಓಡುವ ಮೋಟಾರು ಸೈಕಲ್ಲೆಂದು ತಿಳಿಯಬಹುದು. ಮಲ್ಪೆಯ ಕಡಲತೀರದಲ್ಲಿ ಹಣ ಕೊಟ್ಟವರನ್ನು ಇದರ ಮೇಲೆ ಕೂರಿಸಿ ಸುತ್ತಿಸುವುದನ್ನು ನಮ್ಮವರೂ ಕಂಡಿದ್ದಾರೆ. ನಾನು ಕನ್ನಡದಲ್ಲಿ ಇದಕ್ಕೆ ‘ನೀರ್ಗುದುರೆ’ ಎಂದು ಹೆಸರಿಟ್ಟೆ. “ತಾತ, ಹಾಗೆಂದರೆ ಹಿಪಪಾಟಮಸ್ ಅಲ್ಲವೆ?” ಎಂದು ಹದಿಮೂರು ವರ್ಷದ ಮೊಮ್ಮಗಳು ನಕ್ಕಳು. ಪರದೇಶದಲ್ಲಿ ಬೆಳೆದ ಹುಡುಗಿಗೆ ಆ ಶಬ್ದ ತಿಳಿದಿದ್ದುದೇ ನನಗೆ ಸಂತೋಷ. ಹೆಸರನ್ನು ಹಾಗೆಯೇ ಉಳಿಸಿಕೊಂಡೆವು.

ಕೊಳ್ಳುವ ವಿಚಾರಕ್ಕೆ ಮುನ್ನ ಆ ಸರೋವರವನ್ನು ನೋಡಬೇಕೆಂದು ನಾನು ಹಟ ಹಿಡಿದೆ. ಅಟ್ಲಾಂಟಾ ನಗರದಿಂದ ಈಶಾನ್ಯಕ್ಕೆ ಸುಮಾರು 60 ಕಿಲೋಮೀಟರು ಹೋದರೆ ಬ್ಯೂಫರ್ಡ್ ಎಂಬಲ್ಲಿ ಚಾಟಹೂಚಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಸಿಕ್ಕುತ್ತದೆ. ಅಮೆರಿಕದ ಸೈನ್ಯದ ಎಂಜಿನಿಯರುಗಳು 1950ರಲ್ಲಿ ಆರಂಭಿಸಿ 1956ರಲ್ಲಿ ಮುಗಿಸಿದ ಕೆಲಸವದು. ಅದರ ಹಿಂದೆ ನಿಂತ ನೀರು ಸುಮಾರು 38,000 ಎಕರೆ. ದಂಡೆಯ ಉದ್ದವು 1,100 ಕಿಲೋಮೀಟರಿಗೆ ಕಡಮೆಯಿಲ್ಲ. ಬೆಟ್ಟಗಳ ಸಂದುಗೊಂದಿಗಳಲ್ಲೆಲ್ಲ ನೀರು ನುಗ್ಗಿ, ಹರಡಿದ ಕೈಬೆರಳುಗಳಂತೆ ನೂರಾರು ಕೊಲ್ಲಿಗಳಾಗಿವೆ. ಸುತ್ತಲೂ ದೇವದಾರುವಿನ ಜಾತಿಯ ಪೈನ್ ಮರಗಳು. ನೀರು ಇಳಿದೆಡೆಯಲ್ಲಿ ಕೆಂಪು ಮಣ್ಣಿನ ಅಂಚು. ಆ ಕೆಂಪನ್ನು ಕಂಡೊಡನೆ ನನಗೆ ನಮ್ಮ ಮಲೆನಾಡಿನ ನೆನಪಾಯಿತು. ಸರೋವರಕ್ಕೆ ಇಟ್ಟಿರುವುದು ಸಿಡ್ನಿ ಲೇನಿಯರ್ ಎಂಬ ಕವಿಯ ಹೆಸರನ್ನು. ಆತನು ಹತ್ತೊಂಬತ್ತನೆಯ ಶತಮಾನದಲ್ಲಿ ಈ ನದಿಯನ್ನು ಕುರಿತು ಪದ್ಯ ಬರೆದವನು. ಅಣೆಕಟ್ಟಿನ ನೀರಿಗೆ ಮಂತ್ರಿಗಳ ಹೆಸರನ್ನು ಬಿಟ್ಟು ಕವಿಯ ಹೆಸರಿಟ್ಟ ಆ ಜನರ ಬಗ್ಗೆ ನನಗೆ ಗೌರವ ಹುಟ್ಟಿತು.

ಆದರೆ ಈ ನೀರಿನ ಅಡಿಯಲ್ಲಿ ಊರುಗಳಿವೆ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ಕಣಿವೆಯಲ್ಲಿ ಆದುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಹೊಲ, ಮನೆ, ರಸ್ತೆ, ಸೇತುವೆಗಳು ಮುಳುಗಿದುವು. ಗೋರಿಗಳನ್ನು ತೆಗೆದು ಬೇರೆಡೆಗೆ ಸಾಗಿಸಿದರು. 2007ರ ಬರಗಾಲದಲ್ಲಿ ನೀರು ತುಂಬುಮಟ್ಟಕ್ಕಿಂತ ಇಪ್ಪತ್ತು ಅಡಿ ಕೆಳಗಿಳಿದಾಗ ಗೇನ್ಸ್‌ವಿಲ್ ಪಟ್ಟಣದ ಬಳಿ ಹಳೆಯ ಮೋಟಾರು ಪಂದ್ಯದ ಮೈದಾನವೊಂದರ ಕಾಂಕ್ರೀಟು ಮೆಟ್ಟಿಲುಗಳು ಮೇಲೆದ್ದು ನಿಂತಿದ್ದುವಂತೆ. ಸರೋವರದ ಪಶ್ಚಿಮ ದಂಡೆಯ ಫೋರ್ಸೈತ್ ಜಿಲ್ಲೆಯಿಂದ 1912ರಲ್ಲಿ ಸಾವಿರಕ್ಕೂ ಮೇಲ್ಪಟ್ಟ ಕರಿಯ ಜನರನ್ನು ಬೆದರಿಸಿ ಓಡಿಸಿದ ಕಥೆಯೂ ಈ ನೆಲಕ್ಕಿದೆ. ಈಗ ಅದೇ ಜಿಲ್ಲೆಯಲ್ಲಿ ಭಾರತೀಯರ ಮನೆಗಳು ಸಾಲುಸಾಲಾಗಿ ಎದ್ದಿವೆ; ಕನ್ನಡದ ಮಾತು ತರಕಾರಿ ಅಂಗಡಿಯಲ್ಲಿ ಕಿವಿಗೆ ಬೀಳುತ್ತದೆ. ಅಳಿಯಂದಿರು ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಏನೂ ಆಡಲಿಲ್ಲ.

ನೀರ್ಗುದುರೆಗೂ ಮುಳುಗಿದ ಊರಿಗೂ ಸಂಬಂಧವೇನೆಂದು ಕೇಳಬಹುದು. ಸಂಬಂಧವುಂಟು. ಆಳದಲ್ಲಿ ಮರಗಳು ಇಂದಿಗೂ ನಿಂತೇ ಇವೆ. ನೀರು ಇಳಿದ ಕಾಲದಲ್ಲಿ ಅವುಗಳ ತುದಿಗಳೂ ದಿಬ್ಬಗಳೂ ಮೇಲ್ಮೈಗೆ ಹತ್ತಿರ ಬರುತ್ತವೆ. ಜೊತೆಗೆ ವರ್ಷಕ್ಕೆ ಕೋಟಿಯ ಲೆಕ್ಕದಲ್ಲಿ ಜನ ಬರುವ ತಾಣವಿದು. ಬೇಸಗೆಯ ಶನಿವಾರಗಳಲ್ಲಿ ದೋಣಿಗಳ ಸಂದಣಿಯು ನಮ್ಮ ರಥಬೀದಿಯನ್ನು ಮೀರಿಸುತ್ತದೆ. 2012ರ ಬೇಸಗೆಯಲ್ಲಿ ಇಲ್ಲಿ ದೋಣಿಗೆ ದೋಣಿ ಬಡಿದು ಬಾಲಕರಿಬ್ಬರು ಸತ್ತರು. ಮರುವರ್ಷವೇ ಸಂಸ್ಥಾನದವರು ಕುಡಿದು ದೋಣಿ ನಡೆಸುವವರ ಮೇಲಿನ ಕಾನೂನನ್ನು ಬಿಗಿಗೊಳಿಸಿದರು. ಮಗಳ ಭಯವು ಬರಿಯ ತವರಿನ ಬಳುವಳಿಯಾಗಿರಲಿಲ್ಲ.

ಅವಳು ಕೊನೆಗೆ ಒಪ್ಪಿದ್ದು ಮೂರು ಕರಾರುಗಳ ಮೇಲೆ. ಮನೆಯವರೆಲ್ಲ, ತಾನೂ ಸೇರಿ, ಮೊದಲು ಈಜು ಕಲಿಯತಕ್ಕದ್ದು. ಅಳಿಯಂದಿರೂ ದೋಣಿ ನಡೆಸುವವರ ಪಾಠವನ್ನು ಓದಿ ಪರೀಕ್ಷೆ ಕೊಡತಕ್ಕದ್ದು. ಕೊಂಡ ಬಳಿಕ ಮೊದಲು ತಾನೇ ನಡೆಸತಕ್ಕದ್ದು. ಎರಡನೆಯದು ಅಳಿಯಂದಿರಿಗೆ ಸ್ವಲ್ಪ ಕಹಿಯಾಯಿತು. ಏಕೆಂದರೆ ಜಾರ್ಜಿಯಾದಲ್ಲಿ 1998ರ ಜನವರಿ 1ರಂದು ಅಥವಾ ಆ ಬಳಿಕ ಹುಟ್ಟಿದವರಿಗೆ ಮಾತ್ರ ಆ ಪಾಠವು ಕಡ್ಡಾಯ. ಅದಕ್ಕೆ ಹಿಂದೆ ಹುಟ್ಟಿದವರೆಲ್ಲ ತಾವಾಗಿಯೇ ಬುದ್ಧಿವಂತರೆಂದು ಸರಕಾರದ ನಂಬಿಕೆಯೋ ಏನೋ! ಮೊಮ್ಮಗಳು ಪಾಠವನ್ನು ಎರಡು ದಿನದಲ್ಲಿ ಮುಗಿಸಿ ತಂದೆಗಿಂತ ಹೆಚ್ಚು ಅಂಕ ಪಡೆದಳು. ಹನ್ನೆರಡರಿಂದ ಹದಿನೈದರ ಪ್ರಾಯದವರು ಈ ಪಾಠ ಮಾಡಿದ್ದರೆ ಅಥವಾ ದೊಡ್ಡವರೊಡನಿದ್ದರೆ ನಡೆಸಬಹುದು. ಹನ್ನೆರಡಕ್ಕೆ ಕೆಳಗಿನವರು ನಡೆಸಕೂಡದು. ಒಂಬತ್ತು ವರ್ಷದ ಮೊಮ್ಮಗ ಇದನ್ನು ಕೇಳಿ ಅಜ್ಜಿಯ ತೊಡೆಯ ಮೇಲೆ ಬಿದ್ದು ಅತ್ತನು.

ಯಂತ್ರದ ಚರಿತ್ರೆಯನ್ನು ಅಳಿಯಂದಿರು ದಾರಿಯುದ್ದಕ್ಕೂ ಹೇಳಿದರು. ಕ್ಲೇಟನ್ ಜೇಕಬ್ಸನ್ ಎಂಬವನು 1960ರ ದಶಕದಲ್ಲಿ ಇದನ್ನು ಯೋಚಿಸಿದನು. ಕೆನಡಾದ ಬೊಂಬಾರ್ಡಿಯೆ ಕಂಪನಿಯವರು 1968ರಲ್ಲಿ ‘ಸೀ-ಡೂ’ ಎಂದು ಮಾರಾಟಕ್ಕಿಟ್ಟರು. ‘ಜೆಟ್ ಸ್ಕೀ’ ಎಂಬುದು ನಿಜವಾಗಿ ಜಪಾನಿನ ಕವಾಸಾಕಿಯವರ ಮುದ್ರೆ. ಅವರ ಮೊದಲ ಯಂತ್ರಗಳನ್ನು ನಿಂತುಕೊಂಡೇ ನಡೆಸಬೇಕಾಗಿತ್ತು. ಯಮಾಹಾದವರು 1980ರ ದಶಕದಲ್ಲಿ ಇಬ್ಬರು ಕೂರುವಂಥದನ್ನು ತಂದ ಮೇಲೆ ಇದು ಸಂಸಾರಿಗಳ ಆಟವಾಯಿತು.

ಅಂಗಡಿಯಲ್ಲಿ ಹೊಸ ಯಂತ್ರಗಳು ಏಳೆಂಟು ಸಾವಿರ ಡಾಲರಿನಿಂದ ಇಪ್ಪತ್ತು ಸಾವಿರವನ್ನು ಮೀರಿದುದರ ವರೆಗೂ ಇದ್ದುವು. ಮುನ್ನೂರು ಅಶ್ವಶಕ್ತಿಯದು ಗಂಟೆಗೆ ನೂರು ಕಿಲೋಮೀಟರು ದಾಟಿ ಓಡುವುದಂತೆ. ಅದನ್ನು ಸವರುತ್ತಿದ್ದ ಅಳಿಯಂದಿರ ಕೈಯನ್ನು ನಾನು ಮೆಲ್ಲನೆ ಸರಿಸಿದೆ. ಬೆಲೆಯೊಂದೇ ಖರ್ಚಲ್ಲ: ಎಳೆದೊಯ್ಯುವ ಟ್ರೈಲರು, ನೋಂದಣಿ, ವಿಮೆ, ಲೈಫ್ ಜಾಕೆಟ್ಟುಗಳು, ವರ್ಷವರ್ಷದ ಎಣ್ಣೆ ಬದಲಾವಣೆ ಎಲ್ಲವನ್ನೂ ಮಗಳು ಕಾಗದದ ಮೇಲೆ ಬರೆದು ಕೂಡಿಸಿದಳು. ಹೊಸದರ ಮಾತು ಅಲ್ಲಿಗೆ ಮುಗಿಯಿತು.

ಮೊದಲು ನೋಡಿದ ಹಳೆಯ ಯಂತ್ರವು ಹೊರಗಿನಿಂದ ಮದುಮಗಳಂತೆ ಹೊಳೆಯುತ್ತಿತ್ತು. ಮಾರುವವನು ಎಂದೂ ಸಿಹಿನೀರು ಬಿಟ್ಟು ಹೋಗಿಲ್ಲವೆಂದು ಪ್ರಮಾಣಮಾಡಿದನು. ಆಸನವನ್ನು ಎತ್ತಿ ನೋಡಿದರೆ ಒಳಗಿನ ತಿರುಪುಗಳಿಗೆಲ್ಲ ಬಿಳಿಯ ಉಪ್ಪಿನ ಹುಡಿ, ಅದರಡಿಯಲ್ಲಿ ತುಕ್ಕು. ಸಮುದ್ರ ಕಂಡು ಬಂದ ಯಂತ್ರ. ಇದನ್ನು ಪತ್ತೆಹಚ್ಚಿದವಳು ನನ್ನ ಹೆಂಡತಿ. ಉಪ್ಪಿನಕಾಯಿ ಭರಣಿಯ ಮುಚ್ಚಳವು ಹೇಗಾಗುವುದೆಂದು ಅವಳಿಗೆ ಗೊತ್ತು. ಎರಡನೆಯದರ ಗಡಿಯಾರವು ಅದು ನಾಲ್ಕು ವರ್ಷಗಳಲ್ಲಿ ನೂರಹತ್ತು ಗಂಟೆ ನಡೆದಿದೆಯೆಂದು ತೋರಿಸಿತು; ತಳದಲ್ಲಿ ಆಳವಾದ ಗೀರುಗಳಿರಲಿಲ್ಲ; ಎಂಜಿನ್ನಿನ ಒತ್ತಡವನ್ನು ಬೇರೊಬ್ಬ ಮೆಕ್ಯಾನಿಕ್ಕಿನಿಂದ ಅಳೆಯಿಸಲು ಒಡೆಯನು ತಾನಾಗಿಯೇ ಒಪ್ಪಿದನು. ಮೂವರು ಕೂರುವ ಅಗಲದ್ದು. ನಾವು ಇಬ್ಬರಿಗಿಂತ ಹೆಚ್ಚು ಹತ್ತುವವರಲ್ಲವಾದರೂ, ಅಗಲವಾದುದು ನಿಂತ ನೀರಿನಲ್ಲಿ ಅಷ್ಟಾಗಿ ಹೊಯ್ದಾಡದು. ಅದಕ್ಕೆ ತಡೆಯೂ ಹಿಂದಕ್ಕೆ ಚಲಿಸುವ ಏರ್ಪಾಡೂ ಇದ್ದುವು. ಅದನ್ನೇ ಕೊಂಡೆವು.

ಈ ತಡೆಯ ವಿಚಾರವನ್ನು ಸ್ವಲ್ಪ ವಿವರಿಸಬೇಕು. ನೀರ್ಗುದುರೆಗೆ ಹೊರಗೆ ತಿರುಗುವ ಚಕ್ರವಿಲ್ಲ, ಚುಕ್ಕಾಣಿಯೂ ಇಲ್ಲ. ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರನ್ನು ಹೀರಿ ಹಿಂದಿನ ಕೊಳವೆಯಿಂದ ರಭಸವಾಗಿ ಉಗುಳುತ್ತದೆ. ಹಿಡಿಯನ್ನು ತಿರುಗಿಸಿದಾಗ ತಿರುಗುವುದು ಆ ಕೊಳವೆಯ ಬಾಯಿಯೇ. ಆದುದರಿಂದ ವೇಗದ ಸನ್ನೆಯನ್ನು ಬಿಟ್ಟರೆ ನೀರು ಚಿಮ್ಮುವುದು ನಿಲ್ಲುತ್ತದೆ, ಅದರೊಡನೆ ತಿರುಗುವ ಶಕ್ತಿಯೂ ಹೋಗುತ್ತದೆ. ಎದುರಿಗೆ ಏನನ್ನಾದರೂ ಕಂಡು ಹೆದರಿ ಕೈಬಿಟ್ಟವನು ಹಿಡಿಯನ್ನು ಎಷ್ಟು ತಿರುಗಿಸಿದರೂ ಯಂತ್ರವು ನೆಟ್ಟಗೆ ಅದರ ಮೇಲೆಯೇ ಹೋಗಿ ಬೀಳುತ್ತದೆ. ಇದರಿಂದ ಆದ ಅಪಘಾತಗಳು ಅನೇಕ. ಸೀ-ಡೂದವರು 2009ರಲ್ಲಿ ನೀರಿನ ಧಾರೆಯನ್ನು ಮುಂದಕ್ಕೆ ತಿರುಗಿಸುವ ತಡೆಯನ್ನು ತಂದರು. ಬಳಿಕ ಉಳಿದವರೂ ಆ ಬಗೆಯ ಏರ್ಪಾಡುಗಳನ್ನು ಮಾಡಿದರು. ಆದರೂ ಎದುರಿನದನ್ನು ತಪ್ಪಿಸಿಕೊಳ್ಳಲು ಒಂದಿಷ್ಟು ವೇಗ ಕೊಟ್ಟೇ ತಿರುಗಿಸಬೇಕು. ಹೆದರಿದ ಕೈಗೆ ಇದನ್ನು ಕಲಿಸುವುದು ಸುಲಭವಲ್ಲ.

ಹೊರಡುವ ದಿನ ಮೊಮ್ಮಗಳು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತನಿಖೆ ಮಾಡಿದಳು. ಸೆರಗು, ದುಪಟ್ಟ, ಬಿಚ್ಚಿದ ಜಡೆ, ತೇಲುವ ಹಗ್ಗ ಯಾವುದೂ ಕೂಡದು. ಹೀರುವ ಜಾಲರಿಯು ಅವನ್ನು ಎಳೆದುಕೊಳ್ಳುವುದು. ಹಿಂದಕ್ಕೆ ಬಿದ್ದವರ ಮೈಯೊಳಕ್ಕೆ ಧಾರೆಯ ನೀರು ನುಗ್ಗಿ ಅಪಾಯವಾಗುವುದುಂಟಾದ್ದರಿಂದ ಈಜುವವರ ದಪ್ಪ ರಬ್ಬರಿನ ಚಡ್ಡಿ ತೊಡತಕ್ಕದ್ದೆಂದು ಯಂತ್ರದ ಮೇಲೆಯೇ ಅಂಟಿಸಿದ್ದಾರೆ. ನಡೆಸುವವರ ಮಣಿಕಟ್ಟಿಗೆ ಒಂದು ಸುರುಳಿಹುರಿ. ಬಿದ್ದೊಡನೆ ಅದು ಕಳಚಿ ಎಂಜಿನ್ನು ನಿಲ್ಲುತ್ತದೆ. ದಂಡೆ, ದಕ್ಕೆ, ದೋಣಿ, ಈಜುಗಾರ ಯಾರಿಗೇ ಆಗಲಿ ನೂರು ಅಡಿಯೊಳಗೆ ಬಂದರೆ ಅತಿ ಮೆಲ್ಲನೆ ಹೋಗತಕ್ಕದ್ದು. ಸೂರ್ಯಾಸ್ತದ ಬಳಿಕ ನಡೆಸಕೂಡದು. ಪೆಟ್ರೋಲಿನ ಮೂರರಲ್ಲೊಂದು ಪಾಲು ಹೋಗುವುದಕ್ಕೆ, ಒಂದು ಬರುವುದಕ್ಕೆ, ಒಂದು ಆಪತ್ತಿಗೆ. ಈ ಕೊನೆಯ ಸೂತ್ರವು ನನಗೆ ಬಹಳ ಹಿಡಿಸಿತು. ನನ್ನ ತಂದೆಯವರು ಸಂಬಳವನ್ನು ಹೀಗೆಯೇ ಹಂಚುತ್ತಿದ್ದರು.

ಜನರಿಲ್ಲದ ಮಂಗಳವಾರದ ಬೆಳಗ್ಗೆ ಒಂದು ಒಳಕೊಲ್ಲಿಯಲ್ಲಿ ಯಂತ್ರವನ್ನು ಇಳಿಸಿದೆವು. ಅಳಿಯಂದಿರು ಖಾಲಿ ಹಾಲಿನ ಡಬ್ಬಿಯೊಂದಕ್ಕೆ ಕಲ್ಲು ಕಟ್ಟಿ ನೀರ ನಡುವೆ ತೇಲಬಿಟ್ಟರು. ಅದನ್ನು ಬಂಡೆಯೆಂದು ಭಾವಿಸಿ ತಪ್ಪಿಸಿಕೊಂಡು ಹೋಗಬೇಕು. ಮಗಳು ಹತ್ತಿದಳು, ಗಂಡ ಹಿಂದೆ ಕುಳಿತರು. ಮೊದಲ ಸಲ ಡಬ್ಬಿಯು ಸಮೀಪಿಸಿದೊಡನೆ ಅವಳು ಕೈಬಿಟ್ಟಳು; ಯಂತ್ರವು ಡಬ್ಬಿಯ ಮೇಲೆ ಹಾದುಹೋಯಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅವಳ ಮುಖವು ದಂಡೆಯಲ್ಲಿ ನಿಂತ ನನಗೆ ಕಾಣುವಷ್ಟು ಹತ್ತಿರವಿತ್ತು. ಅದು ನಮ್ಮ ತಾಯಿಯವರ ಮುಖ. “ಸಾಕು, ಬಾ ಮಗು” ಎಂದು ಕೂಗಬೇಕೆಂದು ಬಾಯಿ ತೆರೆದೆ. ನನ್ನ ಹೆಂಡತಿಯು ತೋಳು ಹಿಡಿದು, “ಸುಮ್ಮನಿರಿ” ಎಂದಳು. ನಲವತ್ತೈದು ವರ್ಷಗಳಲ್ಲಿ ಅವಳು ನನಗೆ ಹಾಗೆ ಹೇಳಿದ್ದು ಅಪರೂಪ.

ಐದನೆಯ ಸಲವೋ ಆರನೆಯ ಸಲವೋ, ಎಂಜಿನ್ನಿನ ದನಿಯು ಇಳಿಯಬೇಕಾದಲ್ಲಿ ಇಳಿಯದೆ ಸ್ವಲ್ಪ ಏರಿತು. ಯಂತ್ರವು ಒಂದು ಮಗ್ಗುಲಿಗೆ ವಾಲಿ ಡಬ್ಬಿಯನ್ನು ಬಳಸಿಕೊಂಡು ಹೋಯಿತು. ಹಿಂದೆ ಎದ್ದ ಅಲೆಯಲ್ಲಿ ಡಬ್ಬಿಯು ಕುಣಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಬಳಿಕ ಮೊಮ್ಮಗಳ ಸರದಿ; ಅವಳಿಗೆ ಎರಡೇ ಸಲಕ್ಕೆ ಬಂತು.

ಮಧ್ಯಾಹ್ನ ಪುಳಿಯೋಗರೆ ತಿಂದಾದ ಮೇಲೆ ಮಗಳು ಒಂದು ಜಾಕೆಟ್ಟನ್ನು ತಂದು ನನ್ನ ಮುಂದೆ ಇಟ್ಟಳು. “ಅಪ್ಪ, ನಿಧಾನವಾಗಿ ಹೋಗುತ್ತೇನೆ. ಕೊಲ್ಲಿಯ ಬಾಯಿಯ ವರೆಗೆ ಮಾತ್ರ.” ನಾನು ಒಲ್ಲೆನೆನ್ನಲಿಲ್ಲ. ಅಳಿಯಂದಿರು ಪಟ್ಟಿಗಳನ್ನು ಉಸಿರು ಕಟ್ಟುವಂತೆ ಬಿಗಿದರು. ನಡುಕವನ್ನು ಯಂತ್ರದ ನಡುಕವೆಂದು ಹೇಳಿಕೊಂಡೆ. ಹೋಗುವಾಗ ನೀರನ್ನು ನೋಡಲಿಲ್ಲ, ಪೈನ್ ಮರಗಳನ್ನು ನೋಡಿದೆ. ಬರುವಾಗ ಒಂದು ಸಲ ಕೈಯಿಳಿಸಿ ಮುಟ್ಟಿದೆ. ವೈಶಾಖದ ಬಿಸಿಲಿನಲ್ಲಿಯೂ ಅದು ತಣ್ಣಗಿತ್ತು, ತುಂಗೆಯಂತೆಯೇ.

ಅಳಿಯಂದಿರು ತೆಗೆದ ಚಿತ್ರವನ್ನು ಆ ರಾತ್ರಿಯೇ ತೀರ್ಥಹಳ್ಳಿಯಲ್ಲಿರುವ ನನ್ನ ತಂಗಿಗೆ ಕಳುಹಿಸಿದೆ. ಅವಳು ಬರೆದ ಮರುತ್ತರದಲ್ಲಿ ಕ್ಷೇಮಸಮಾಚಾರವೇನೂ ಇರಲಿಲ್ಲ. “ಅಣ್ಣಯ್ಯ, ಅಲ್ಲಿ ನೀರು ಎಷ್ಟು ಆಳ?” ಎಂದು ಮಾತ್ರ ಕೇಳಿದ್ದಳು. ಅಣೆಕಟ್ಟಿನ ಬಳಿ ಸುಮಾರು 160 ಅಡಿ. ಇದನ್ನು ಅವಳಿಗೆ ಇನ್ನೂ ಬರೆದಿಲ್ಲ.